ಕೆಂಚ ಹೆಗ್ಗಣನಿಗೆ ಹೊಣೆ ನಿಂತ ಕಾಡುಕೋಣ

ಮಕ್ಕಳೇ, ಬಿಳಿಗಲ್ಲು ಕಾಡಿನ ನಡುವೆ ಒಂದು ಕೊಳವಿತ್ತು. ಸಂಜೆಯಾದರೆ ಜಿಂಕೆ, ಮೊಲ, ಮುಳ್ಳುಹಂದಿ ಎಲ್ಲರೂ ಅಲ್ಲಿ ಸೇರುತ್ತಿದ್ದರು. ನೀರು ಕುಡಿಯುವುದಕ್ಕಿಂತ ಹರಟೆಯೇ ಹೆಚ್ಚು. ಯಾರ ಮರಿ ಎದ್ದು ನಿಂತಿತು, ಯಾರ ಕಾಲಿಗೆ ಮುಳ್ಳು ಚುಚ್ಚಿತು, ಎಲ್ಲವೂ ಎಲ್ಲರಿಗೂ ತಿಳಿಯುತ್ತಿತ್ತು. ಆ ಸಂಜೆಗಳ ಸೊಗಸೇ ಬೇರೆ. ಇದು ಆ ಕಾಲದ ಕತೆ.

ಒಂದು ಬೇಸಿಗೆಯಲ್ಲಿ ಕೊಳದ ನೀರು ತಳ ಸೇರಿತು. ಕಾಡಿನ ಹಿರಿಯಳಾದ ಆನೆ ದೊಡ್ಡಮ್ಮ ಎಲ್ಲರನ್ನೂ ಕರೆದಳು.

"ಮಳೆ ಬರುವುದರೊಳಗೆ ಹಳ್ಳದಿಂದ ಕೊಳಕ್ಕೆ ಕಾಲುವೆ ತೋಡಬೇಕು. ಯಾರು ಮಾಡುತ್ತೀರಿ?"

"ನಾನು ಮಾಡ್ತೀನಿ ದೊಡ್ಡಮ್ಮ," ಎಂದು ಹೆಗ್ಗಣ ಕೆಂಚ ಮುಂದೆ ಬಂದ.

ಎಲ್ಲರೂ ಗೊಳ್ಳೆಂದು ನಕ್ಕರು. "ಏರಿ ತೂತು ಮಾಡುವವನಿಗೆ ಕಾಲುವೆ ಕೆಲಸವೇ!" ಎಂದಿತು ಜಿಂಕೆ.

ದೊಡ್ಡಮ್ಮ ನಗಲಿಲ್ಲ. "ಮಾಡಪ್ಪ, ಬೇಡ ಅನ್ನಲ್ಲ. ಆದರೆ ಊರೊಟ್ಟಿನ ಕೆಲಸಕ್ಕೆ ಒಬ್ಬರು ಹೊಣೆ ನಿಲ್ಲಬೇಕು. ನೀನು ಕೈಬಿಟ್ಟರೆ, ಕೆಡಿಸಿದರೆ, ಆ ಕೆಲಸವನ್ನು ಅವರು ಮುಗಿಸಿಕೊಡಬೇಕು. ಅಂಥವರನ್ನು ಕರೆದುಕೊಂಡು ಬಾ."

ಹಿಂದೊಮ್ಮೆ ಕಾಡುಹಂದಿಯೊಂದು ಇಂಥದೇ ಕೆಲಸ ಒಪ್ಪಿಕೊಂಡು, ಅರ್ಧ ಅಗೆದು ಓಡಿಹೋಗಿತ್ತು. ಆ ವರ್ಷ ಮರಿಗಳು ನೀರಿಲ್ಲದೆ ಒದ್ದಾಡಿದ್ದವು. ಅಂದಿನಿಂದ ಈ ಕಟ್ಟಳೆ ಬಂದಿತ್ತು.

ಕೆಂಚ ಮನೆಮನೆಗೆ ಅಲೆದ. ಇಂಥ ಕೆಲಸಕ್ಕೆ ಹೊಸಬನಾದವನಿಗೆ ಹೊಣೆ ನಿಲ್ಲುವವರು ಯಾರು? ಸೋತು ಕೊಳದ ಬದಿಯಲ್ಲಿ ಕುಳಿತಾಗ ಕೊಕ್ಕರೆ ಸಿದ್ದಕ್ಕ ಹತ್ತಿರ ಬಂದಳು.

"ಯಾಕೋ ಮುಖ ಸಣ್ಣಗಾಗಿದೆ? ಬರೀ 'ನಂಬಿ, ನಂಬಿ' ಅಂದರೆ ಯಾರೋ ನಂಬ್ತಾರೆ? ಇಲ್ಲಿವರೆಗೆ ಏನು ಕೆಲಸ ಮಾಡಿದೀಯ, ಅದನ್ನು ತೋರಿಸು."

"ಮೊಲದ ಬಿಲಕ್ಕೆ ಮಳೆನೀರು ನುಗ್ಗದ ಹಾಗೆ ಒಂದು ಚರಂಡಿ ತೋಡಿದೀನಿ ಅಕ್ಕ. ಅಷ್ಟೇ."

"ಅಷ್ಟು ಸಾಕು, ನಡಿ."

ಸಿದ್ದಕ್ಕ ಮುದಿ ಕಾಡುಕೋಣ ಬೊಮ್ಮಜ್ಜನನ್ನು ಕರೆತಂದು ಚರಂಡಿ ತೋರಿಸಿದಳು. ಬೊಮ್ಮಜ್ಜ ಅದರ ಅಂಚಿನ ಮೇಲೆ ತನ್ನ ಭಾರವಾದ ಕಾಲಿಟ್ಟು ಒತ್ತಿದ. ಮಣ್ಣು ಕುಸಿಯಲಿಲ್ಲ.

"ಕೆಲಸ ಗಟ್ಟಿಯಾಗಿದೆ. ಇವನಿಗೆ ನಾನು ಹೊಣೆ," ಎಂದ ಬೊಮ್ಮಜ್ಜ. "ಆದರೆ ಮಗಾ, ಏನೇ ತೊಂದರೆ ಬರಲಿ, ಮೊದಲು ನನಗೆ ಹೇಳಬೇಕು."

"ಖಂಡಿತ ಹೇಳ್ತೀನಿ ಅಜ್ಜ!"

ಕೆಲಸ ಭರದಿಂದ ಸಾಗಿತು. ಕೊಳ ಇನ್ನೇನು ಹತ್ತಿರವಾಯಿತು ಎನ್ನುವಾಗ ಮಣ್ಣಿನೊಳಗೆ ದೊಡ್ಡ ಬಂಡೆಯೊಂದು ಅಡ್ಡ ಸಿಕ್ಕಿತು. ಕೆಂಚನ ಉಗುರುಗಳು ಸವೆದವೇ ಹೊರತು ಬಂಡೆ ಮಿಸುಕಲಿಲ್ಲ.

'ಹೇಳಿದರೆ ಎಲ್ಲರೂ ಮತ್ತೆ ನಗುತ್ತಾರೆ. ಇಷ್ಟೂ ಬರಲ್ಲವಾ ಅಂತ ಅಜ್ಜನೂ ಅಂದುಕೊಂಡರೆ?' ಎಂದು ಅವನಿಗೆ ನಾಚಿಕೆಯಾಯಿತು. ಬಂಡೆಯ ಪಕ್ಕದ ಸಡಿಲ ಮಣ್ಣಿನಲ್ಲೇ ಕಾಲುವೆ ತಿರುಗಿಸಿಬಿಟ್ಟ.

"ಎಲ್ಲ ಸರಿಯಾಗಿದೆಯೇನೋ?" ಎಂದು ಬೊಮ್ಮಜ್ಜ ಕೇಳಿದ.

"ಎಲ್ಲ ಸರಿ ಅಜ್ಜ," ಎಂದ ಕೆಂಚ, ತಲೆ ಎತ್ತದೆ.

ಮೊದಲ ಮಳೆ ಸುರಿಯಿತು. ಕಾಲುವೆಯಲ್ಲಿ ಕೆಂಪು ನೀರು ಬರುವುದನ್ನು ಕಂಡು ಮರಿಗಳು ಕುಣಿದವು. ಅಷ್ಟರಲ್ಲಿ ಬಂಡೆಯ ಪಕ್ಕದ ದಡ ಕುಸಿದು ನೀರೆಲ್ಲ ಕಣಿವೆಯತ್ತ ಹರಿಯತೊಡಗಿತು. ಕೊಳದ ಏರಿಯ ಬುಡವನ್ನೂ ಅದು ಕೊರೆಯುತ್ತಿತ್ತು.

"ನಾವು ಹೇಳಲಿಲ್ಲವೇ!" ಎಂದು ಎಲ್ಲರೂ ಕೂಗಾಡಿದರು. ಕೆಂಚ ಬಿಲದೊಳಗೆ ಅಡಗಿದ.

ಬೊಮ್ಮಜ್ಜ ನೀರಿಗಿಳಿದು, ಒಡೆದ ಜಾಗಕ್ಕೆ ತನ್ನ ಮೈಯನ್ನೇ ಅಡ್ಡ ಕೊಟ್ಟು ನಿಂತ.

"ಕೆಂಚಾ, ಆಚೆ ಬಾರೋ! ಅಗೆಯೋದು ನನಗೆ ಬರಲ್ಲ. ನೀನೇ ಬೇಕು!"

ಕೆಂಚ ಅಳುತ್ತಾ ಓಡಿಬಂದ. "ಅಜ್ಜ, ಬಂಡೆ ಸಿಕ್ಕಿತ್ತು. ನಾನು ಮುಚ್ಚಿಟ್ಟೆ."

"ಬಂಡೆಯೇ? ಅಂದೇ ಹೇಳಿದ್ದರೆ ಒಣ ನೆಲದಲ್ಲಿ ನಿಂತು ಒಂದೇ ಏಟಿಗೆ ತಳ್ಳುತ್ತಿದ್ದೆನಲ್ಲೋ! ಇರಲಿ, ಅದರ ಬುಡ ಸಡಿಲ ಮಾಡು."

ಇದನ್ನು ನೋಡುತ್ತಿದ್ದ ದೊಡ್ಡಮ್ಮ ತಾನೇ ಇಳಿದು ಬೊಮ್ಮಜ್ಜನ ಜಾಗದಲ್ಲಿ ನೀರಿಗೆ ಅಡ್ಡ ನಿಂತಳು. ಕೆಂಚ ಬಂಡೆಯ ಬುಡ ಅಗೆದ. ಬೊಮ್ಮಜ್ಜ ಕೊಂಬು ಕೊಟ್ಟು ನೂಕಿದ. ದೊಡ್ಡಮ್ಮ ಪಕ್ಕಕ್ಕೆ ಸರಿದದ್ದೇ ತಡ, ಬಂಡೆ ಉರುಳಿ ಒಡೆದ ದಡಕ್ಕೇ ಕೂತಿತು. ನೀರು ನೇರವಾಗಿ ಕೊಳಕ್ಕೆ ನುಗ್ಗಿತು. ಆದರೆ ಬೊಮ್ಮಜ್ಜನ ಒಂದು ಕೊಂಬು ಮುರಿದಿತ್ತು.

"ಅಜ್ಜ, ನನ್ನಿಂದ ನಿಮ್ಮ ಕೊಂಬು..." ಎಂದ ಕೆಂಚ.

"ಹೋಗಲಿ ಬಿಡು, ತಲೆ ಹಗುರವಾಯಿತು," ಎಂದು ನಕ್ಕ ಬೊಮ್ಮಜ್ಜ.

ಮರುವರ್ಷ ಏರಿ ಎತ್ತರಿಸುವ ಕೆಲಸ ಬಂತು. ಕೆಂಚ ಹಿಂದೆ, ಎಲ್ಲರ ಬೆನ್ನ ಮರೆಯಲ್ಲಿ ನಿಂತಿದ್ದ.

"ಈ ಸಲವೂ ಕೆಂಚನೇ ಮಾಡಲಿ. ಹೊಣೆ ನಾನೇ," ಎಂದ ಬೊಮ್ಮಜ್ಜ.

"ಕೊಂಬು ಹೋದ ಮೇಲೂನಾ?" ಎಂದಳು ದೊಡ್ಡಮ್ಮ.

"ಅವನು ಕೆಲಸ ಬಿಟ್ಟು ಓಡಿಹೋಗಲಿಲ್ಲವಲ್ಲ ದೊಡ್ಡಮ್ಮ. ಅಳುತ್ತಾ ಆದರೂ ಬಂದ."

ಆ ಬೇಸಿಗೆಯಲ್ಲಿ ಒಂದು ಸಣ್ಣ ಬಿರುಕು ಕಂಡರೂ ಸಾಕು, ಕೆಂಚ "ಅಜ್ಜಾ, ಬನ್ನಿ ಇಲ್ಲಿ!" ಎಂದು ಕೂಗುತ್ತಾ ಓಡುತ್ತಿದ್ದ. ಒಮ್ಮೊಮ್ಮೆ ಅಜ್ಜನಿಗೆ ಮಧ್ಯಾಹ್ನದ ನಿದ್ದೆಯೂ ಸಿಗುತ್ತಿರಲಿಲ್ಲ. ಗೊಣಗುತ್ತಲೇ ಎದ್ದು ಬರುತ್ತಿದ್ದ. ಒಂಟಿಕೊಂಬಿನ ಕೋಣವೂ ಮಣ್ಣು ಮೆತ್ತಿದ ಹೆಗ್ಗಣವೂ ಏರಿಯ ಮೇಲೆ ತಲೆಗೆ ತಲೆ ತಾಗಿಸಿ ಬಿರುಕು ನೋಡುತ್ತಿದ್ದ ಆ ನೋಟವನ್ನು ಬಿಳಿಗಲ್ಲು ಕಾಡಿನವರು ಬಹಳ ಕಾಲ ಮರೆಯಲಿಲ್ಲ.

ನೀತಿ: ನಮ್ಮನ್ನು ನಂಬಿ ಹೊಣೆ ನಿಂತವರ ಹತ್ತಿರ ಕಷ್ಟವನ್ನು ಮುಚ್ಚಿಡಬಾರದು.