ಮಿಡತೆಯ ಎರಡನೆಯ ಆಲ್ಬಮ್

ಕ್ಯಾಸೆಟ್ ಅಂಗಡಿಯ ಲಲಿತತ್ತೆ ಮೊದಲು ನನಗೆ ಹೇಳಿದ ಕಥೆ ಇದು. ಹೆಂಡತಿ ಸತ್ತ ವರ್ಷ ಮಿಡತೆ ಗಿಟಾರ್ ನುಡಿಸಿ ತಂದ ಬ್ಲೂಸ್ ಎಂಬ ದುಃಖದ ಹಾಡುಗಳ ಆಲ್ಬಮ್ ಕೇಳಿ ಹೊಲವೆಲ್ಲ ಅತ್ತಿತ್ತು. ಮರುಮದುವೆಯಾದ ಮೇಲೆ ಅದು ಎರಡನೆಯದನ್ನು ತಂದು, ಅಳುಕುತ್ತಲೇ ಅಭಿಪ್ರಾಯ ಕೇಳಿತು.

"ಕೈ ಓಡುತ್ತೆ ಮಾರಾಯ, ಹಳೇ ಉರಿ ಇಲ್ಲ," ಎಂದಿತು ಕಪ್ಪೆ.

"ಸುಖ ಜಾಸ್ತಿಯಾಯಿತು," ಎಂದಿತು ಇಲಿ.

"ಹೊಸ ಹೆಂಡತಿ ಮನೆಯಲ್ಲಿ ಕಾಯುತ್ತಿದ್ದಾಳೆ. ಉರಿ ಎಲ್ಲಿಂದ ತರಲಿ?" ಎಂದು ಮಿಡತೆ ನಕ್ಕಿತು.

ಅದರ ಕಟ್ಟಾ ಅಭಿಮಾನಿ ಓತಿಕ್ಯಾತ ತಲೆಯಾಡಿಸುತ್ತ ಎದ್ದುಹೋಯಿತು.

ಮಿಡತೆ ಮನೆ ಸೇರಿದಾಗ ಓತಿಕ್ಯಾತ ಹೊಸ್ತಿಲಲ್ಲಿ ಬಾಯಿ ಒರೆಸಿಕೊಳ್ಳುತ್ತಿತ್ತು. "ಒಳಗೆ ಈಗ ಯಾರೂ ಇಲ್ಲ. ಇನ್ನು ನುಡಿಸು, ಗುರು," ಎಂದಿತು. ಅದರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಮೂರನೆಯ ಆಲ್ಬಮ್ ಕೇಳಿ ಹೊಲವೆಲ್ಲ ಮತ್ತೆ ಅತ್ತಿತು. ಈ ಕಥೆಯನ್ನು ಮುಂದಕ್ಕೆ ಹೇಳಿ. ಅಭಿಮಾನಿಗಳಿಗೆ ತಪ್ಪದೆ ಹೇಳಿ.