ನರಿಯ ದರ್ಶನಕ್ಕೆ ಬಂದ ತಿಮಿಂಗಿಲ

ಕಡಲಂಚಿನ ಒಂದು ಕಾಡಿನಲ್ಲಿ ಮಿಂಚಿ ಎಂಬ ನೀರುನಾಯಿ ತನ್ನ ಒಂದೇ ಮರಿಯೊಂದಿಗೆ ವಾಸವಾಗಿತ್ತು. ವರ್ಷಕ್ಕೊಮ್ಮೆ ಆ ಕಡಲಿಗೆ ಕಪ್ಪು ಬಿಳುಪಿನ ಓರ್ಕಾ ತಿಮಿಂಗಿಲಗಳು ಬರುತ್ತಿದ್ದವು. ಅವನ್ನು ನೋಡಲು ಕಾಡಿಗೆ ಕಾಡೇ ದಡಕ್ಕೆ ಇಳಿಯುತ್ತಿತ್ತು.

ನೋಡುವುದನ್ನು ಎಲ್ಲವೂ ನೋಡುತ್ತಿದ್ದವು. ಅರ್ಥ ಹೇಳುವುದು ಮಾತ್ರ ನರಿ. ಅದು ಹುಟ್ಟಿದಾಗಿನಿಂದ ಕಡಲಿಗೆ ಕಾಲಿಟ್ಟಿರಲಿಲ್ಲ. ನೀರಿಗೆ ಚಾಚಿಕೊಂಡ ತಗ್ಗು ಬಂಡೆಯ ಮೇಲೆ ಕೂರಬೇಕಾದರೆ ನರಿಗೊಂದು ಏಡಿ ತಂದುಕೊಡಬೇಕು. ಏಡಿ ತರದವರು ಹಿಂದಿನ ಗುಡ್ಡದ ಮೇಲೆ ನಿಲ್ಲಬೇಕು. ಇದು ನರಿಯೇ ಮಾಡಿದ ಕಟ್ಟಳೆ.

ಆ ವರ್ಷ ಬಂಡೆಯ ಮೇಲೇ ಕೂರಬೇಕೆಂದು ಮರಿ ಹಟ ಹಿಡಿಯಿತು. ಮಿಂಚಿ ಏಡಿ ಕೊಟ್ಟು ಮರಿಯನ್ನು ಬಂಡೆಯ ತುದಿಯಲ್ಲೇ ಕೂರಿಸಿತು.

ಒಂದು ತಿಮಿಂಗಿಲ ಬಾಲವನ್ನು ನೀರಿಗೆ ಪಟಾರನೆ ಬಡಿಯಿತು.

"ನನಗೆ ಚಪ್ಪಾಳೆ," ಎಂದಿತು ನರಿ, ಏಡಿಯ ಕಾಲು ಮುರಿಯುತ್ತಾ.

ಬಾಲ ಬಡಿದಲ್ಲಿ ಮೀನುಗಳು ಮೂರ್ಛೆ ಹೋಗಿ ತೇಲಿದವು. ತಿಮಿಂಗಿಲಗಳು ಅವನ್ನು ನುಂಗಿದವು. ಮಿಂಚಿ ಅದನ್ನು ಗಮನಿಸಿತು. ಅದರ ಹೊಟ್ಟೆಪಾಡೂ ಮೀನು ಹಿಡಿಯುವುದೇ.

ಆಮೇಲೆ ಇನ್ನೊಂದು ತಿಮಿಂಗಿಲ ನೀರಿನಿಂದ ತಲೆಯನ್ನು ಕಂಬದ ಹಾಗೆ ನೆಟ್ಟಗೆ ಎತ್ತಿತು. ಬಂಡೆಯ ಮೇಲಿದ್ದ ಒಂದೊಂದನ್ನೇ ನೋಡಿತು. ಮರಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿತು.

"ನನ್ನ ದರ್ಶನಕ್ಕೆ ಬಂದಿದೆ," ಎಂದಿತು ನರಿ.

ಮಿಂಚಿ ಮರಿಯನ್ನು ಹತ್ತಿರಕ್ಕೆ ಎಳೆದುಕೊಂಡಿತು. "ನರಿಯಣ್ಣ, ಮೀನಿನ ಮೇಲೆ ಎರಗುವ ಮೊದಲು ನಾನೂ ಹೀಗೇ ತಲೆಯೆತ್ತಿ ನೋಡುತ್ತೇನೆ."

"ನೀನು ನೋಡುವುದು ಹೊಟ್ಟೆಗೆ, ತಂಗಿ. ಅದು ನೋಡುವುದು ಭಕ್ತಿಗೆ."

ತಲೆ ಮುಳುಗಿತು. ಕಡಲಿನ ಸದ್ದಡಗಿತು. ತಿಮಿಂಗಿಲಗಳ ಬೆನ್ನಿನ ಕಪ್ಪು ಈಜುರೆಕ್ಕೆಗಳು ಸಾಲಾಗಿ ಬಂಡೆಯ ಕಡೆ ತಿರುಗಿದವು. ಮಿಂಚಿ ಇನ್ನು ತಡಮಾಡಲಿಲ್ಲ. ಮರಿಯ ಕತ್ತು ಕಚ್ಚಿಕೊಂಡು ಗುಡ್ಡಕ್ಕೆ ಓಡಿತು. ಮೊಲ, ಮುಂಗುಸಿ, ಮುಳ್ಳುಹಂದಿ ಅದರ ಹಿಂದೆಯೇ ಓಡಿದವು.

"ಕೊಟ್ಟ ಏಡಿ ವಾಪಸಿಲ್ಲ," ಎಂದು ನರಿ ಕೂಗಿ ಹೇಳಿತು. ಆಮೇಲೆ ಕಡಲಿನ ಕಡೆ ತಿರುಗಿ, ಭಕ್ತರನ್ನು ಹರಸಲು ಮುಂಗಾಲು ಎತ್ತಿತು.

ತಿಮಿಂಗಿಲಗಳು ಒಟ್ಟಿಗೆ ನುಗ್ಗಿ ಎಬ್ಬಿಸಿದ ಅಲೆ ಬಂಡೆಯನ್ನು ತೊಳೆದುಕೊಂಡು ಹೋಯಿತು. ಜೊತೆಗೆ ನರಿಯನ್ನೂ. ಒಂದು ತಿಮಿಂಗಿಲ ಅದನ್ನು ಬಾಯಿಗೆ ಹಾಕಿಕೊಂಡಿತು. ಬರೀ ಕೂದಲು. ಥೂ ಎಂದು ದಡಕ್ಕೆ ಉಗುಳಿತು. ಬಾಲ ಮಾತ್ರ ಬಾಯಲ್ಲೇ ಉಳಿಯಿತು.

ನರಿ ಕುಂಟುತ್ತಾ ಗುಡ್ಡ ಹತ್ತಿ ಬಂದಾಗ ಮರಿ ಕೇಳಿತು, "ನರಿ ಮಾಮ, ಉಗುಳಿದರೆ ಏನರ್ಥ?"

ನರಿ ಬಾಲವಿಲ್ಲದ ಹಿಂಭಾಗವನ್ನು ಮರಕ್ಕೆ ಒತ್ತಿ ಕೂತಿತು.

ಮರುದಿನ ಕಡಲಿನಲ್ಲಿ ಮತ್ತೆ ತಲೆಯೊಂದು ಎದ್ದಿತು. ಯಾರೂ ಅರ್ಥ ಕೇಳಲಿಲ್ಲ. ಎಲ್ಲರಿಗಿಂತ ಮೊದಲು ಗುಡ್ಡ ಹತ್ತಿದ್ದು ನರಿ.

ನೀತಿ: ತಿಳಿಯದ್ದನ್ನು ಬಲ್ಲೆನೆಂದು ಹೇಳಿ ಇತರರನ್ನು ಅಪಾಯದಲ್ಲಿ ಕೂರಿಸುವವನು ಆ ಅಪಾಯಕ್ಕೆ ತಾನೇ ಸಿಕ್ಕಿಬೀಳುತ್ತಾನೆ.