ಮೇಲ್ಕೇರಿಯವರು ಕೊಟ್ಟ ಚೊಂಬು ನೀರು

ಗಾಳಿಗುಡ್ಡ ಎಂಬ ಊರು ಬೆಟ್ಟದ ಇಳಿಜಾರಿಗೆ ಅಂಟಿಕೊಂಡಿತ್ತು. ಬೆಟ್ಟದ ನೆತ್ತಿಯಲ್ಲಿ ಒಂದು ಒರತೆ. ಪುರಸಭೆಯವರು ಒರತೆಯ ಬಾಯಿಗೇ ಸಿಮೆಂಟು ಹಾಕಿ, ಅದರ ನೀರೆಲ್ಲ ಸೇರುವಂತೆ ಟ್ಯಾಂಕು ಕಟ್ಟಿಸಿದ್ದರು. ಟ್ಯಾಂಕಿನ ಮಗ್ಗುಲಲ್ಲೇ ಮೇಲ್ಕೇರಿ. ಊರಿನ ಮೊದಲ ಮನೆಗಳು ಇದ್ದದ್ದು ಅಲ್ಲಿ. ಅದರ ಕೆಳಗೆ ಪೇಟೆ, ಪೇಟೆಯ ಕೆಳಗೆ ಖಾಲಿ ಗುಡ್ಡ.

ಒರತೆಯ ಜಾಗವನ್ನು ಊರಿಗೆ ಬಿಟ್ಟುಕೊಟ್ಟವರು ಮೇಲ್ಕೇರಿಯ ಹಿರಿಯರು. ಅದಕ್ಕೇ ಅಲ್ಲೊಂದು ಪದ್ಧತಿ ಬೆಳೆದಿತ್ತು. ಹೊಸ ಕೇರಿಗೆ ಪೈಪು ಎಳೆಯಬೇಕಾದರೆ ಪುರಸಭೆಯ ಅಧ್ಯಕ್ಷರು ದೀಪಾವಳಿ ಕಳೆದ ಮೇಲೆ ಎಲೆ ಅಡಿಕೆಯ ತಟ್ಟೆ ಹಿಡಿದು ಮೇಲ್ಕೇರಿಯ ಹಿರಿಮನೆಗೆ ಬರಬೇಕು. ಹಿರಿಮನೆಯವರು ಟ್ಯಾಂಕಿನಿಂದ ಒಂದು ಚೊಂಬು ನೀರು ತುಂಬಿ ಅವರ ಕೈಗೆ ಕೊಟ್ಟರೆ ಒಪ್ಪಿಗೆ ಆಯಿತೆಂದು ಅರ್ಥ. ಕೊಡಲಿಲ್ಲ ಎಂಬ ಮಾತೇ ಆವರೆಗೆ ಇರಲಿಲ್ಲ. ನೀರು ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ ನಾವು ಎಂದು ಮೇಲ್ಕೇರಿಯವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. ಒಳ್ಳೆಯ ಹೆಮ್ಮೆಯೇ, ನಾನು ಹಳಿಯುವುದಿಲ್ಲ. ಆದರೆ ಹೆಮ್ಮೆ ಇದ್ದ ಕಡೆ ಲೆಕ್ಕಾಚಾರ ಸ್ವಲ್ಪ ಹಿಂದೆ ಬೀಳುತ್ತದೆ.

ಆ ಕಾಲಕ್ಕೆ ಹಿರಿಮನೆಯ ಯಜಮಾನಿ ನಿಂಗಾಜಮ್ಮ. ಗಂಡ ತೀರಿಕೊಂಡ ಮೇಲೆ ಮನೆಯನ್ನೂ ಕೇರಿಯ ಹಿರಿತನವನ್ನೂ ತಾನೇ ನಿಭಾಯಿಸಿದ ಗಟ್ಟಿ ಹೆಂಗಸು. ಒಬ್ಬಳೇ ಮಗಳು ಹೇಮಾವತಿಯನ್ನು ಪೇಟೆಯ ರುದ್ರಯ್ಯನವರ ಮಗನಿಗೆ ಕೊಟ್ಟಿದ್ದಳು.

ಆ ವರ್ಷ ಅಧ್ಯಕ್ಷ ಹಾಲೇಶಪ್ಪ ತಟ್ಟೆ ಹಿಡಿದು ಬಂದರು. ಪೇಟೆಯ ಕೆಳಗಿನ ಖಾಲಿ ಗುಡ್ಡವನ್ನು ಕಡಿದು ಸೈಟು ಮಾಡಿದ್ದರು. ಅಲ್ಲಿಗೆ ನೀರಿನ ಲೈನು ಬೇಕಾಗಿತ್ತು. ಅಧ್ಯಕ್ಷರ ಹಿಂದೆ ರುದ್ರಯ್ಯನವರೂ ಕೈ ಜೋಡಿಸಿಕೊಂಡು ನಿಂತಿದ್ದರು, ಯಾಕೆಂದರೆ ಹೊಸ ಬಡಾವಣೆಯಲ್ಲಿ ಮೊದಲು ಮನೆ ಕಟ್ಟಿದವರು ಅವರೇ. ಜೊತೆಗೆ ಪುರಸಭೆಯ ಇಂಜಿನಿಯರ್ ಶಬಾನಾ ಬಂದಿದ್ದಳು. ಊರಿಗೆ ಹೊಸಬಳು.

ನಿಂಗಾಜಮ್ಮ ಚೊಂಬು ಎತ್ತಿಕೊಂಡಳು. ಶಬಾನಾ ಮುಂದೆ ಬಂದಳು.

"ಅಮ್ಮಾ, ಒಂದ್ ಮಾತು. ಈಗ ಮಳೆ ನಿಂತು ಸ್ವಲ್ಪ ದಿನ ಆಗಿದೆ ಅಷ್ಟೆ. ಈ ಟೈಮಲ್ಲಿ ಯಾವ ಒರತೆಯಾದ್ರೂ ತುಂಬಿಯೇ ಇರುತ್ತೆ. ಯುಗಾದಿ ಕಳೆದ್ಮೇಲೆ ಒಂದ್ಸಲ ನೋಡಿ, ಆಮೇಲೆ ಹೂಂ ಅನ್ನಿ."

"ನೋಡೋದೇನಮ್ಮ ಅದ್ರಲ್ಲಿ? ನೀರು ನಮ್ಮ ಬಾಗ್ಲಿಂದಾನೇ ಅಲ್ವಾ ಹೋಗೋದು? ಮೊದ್ಲು ನಮಗೆ, ಮಿಕ್ಕಿದ್ದು ಕೆಳಗೆ."

"ಪೈಪಲ್ಲಿ ಹಾಗಾಗಲ್ಲಮ್ಮ. ಕೆಳಗಡೆ ನಲ್ಲಿ ಬಿಟ್ರೆ ಮೇಲಿನ ನಲ್ಲಿಗೆ ಹತ್ತೋ ನೀರು ಹತ್ತಲ್ಲ. ನಿಮ್ಮ ಕೇರಿಗೇ ಅಂತ ಬೇರೆ ಟ್ಯಾಂಕು ಮಾಡ್ಬೇಕು. ಒಂದೇ ಒಂದು ಬೇಸಿಗೆ ಕಾಯಿರಿ."

ಹಾಲೇಶಪ್ಪ ನಕ್ಕರು. "ಒಳ್ಳೇ ಕೆಲ್ಸಕ್ಕೆ ಹೊರಟಾಗ ಅಡ್ಡ ಮಾತಾಡ್ಬಾರ್ದು ಕಣಮ್ಮ. ಟ್ಯಾಂಕು ಮುಂದಿನ ವರ್ಷ ಕಟ್ಟಿದ್ರಾಯ್ತು."

ನಿಂಗಾಜಮ್ಮ ದಡ್ಡಿಯಲ್ಲ. ಆ ಹುಡುಗಿಯ ಮಾತು ಅವಳ ಮನಸ್ಸಿಗೆ ನಾಟಿತ್ತು. ಆದರೆ ಎದುರಿಗೆ ಬೀಗರು ನಿಂತಿದ್ದರು. ಅವರ ಗೃಹಪ್ರವೇಶಕ್ಕೆ ದಿನ ಗೊತ್ತಾಗಿತ್ತು. ಮಗಳು ಹೋಗಿ ಬಾಳಬೇಕಾದ ಮನೆಗೆ ನೀರಿಲ್ಲ ಎನ್ನುವುದು ಹೇಗೆ? ಹಿರಿಮನೆಯಿಂದ ಯಾರೂ ಹೇಳದ ಮಾತನ್ನು ತಾನು ಹೇಳುವುದು ಹೇಗೆ? ಅವಳು ಚೊಂಬು ತುಂಬಿ ಹಾಲೇಶಪ್ಪನವರ ಕೈಗೆ ಕೊಟ್ಟಳು.

ನೋಡಿ, ಮೇಲ್ಕೇರಿಯವರ ತಪ್ಪು ಇದ್ದದ್ದು ಇಲ್ಲೇ. ಪೈಪು ಬರುವ ಮೊದಲು ಅವರ ಹಿರಿಯರು ನೀರನ್ನು ಕೊಡ ತುಂಬಿ ಕೊಟ್ಟವರು. ಕೊಡದಲ್ಲಿ ಕೊಟ್ಟ ನೀರು ಕೊಟ್ಟಷ್ಟೇ ಹೋಗುತ್ತದೆ. ಪೈಪಿನಲ್ಲಿ ಕೊಟ್ಟದ್ದು ಹಗಲೂ ರಾತ್ರಿ ಹೋಗುತ್ತಲೇ ಇರುತ್ತದೆ.

ಚಳಿಗಾಲ ಮುಗಿಯುವುದರೊಳಗೆ ಲೈನು ಬಂತು. ನೀರು ಬರುತ್ತದೆಂದು ನಂಬಿ ಆಗಲೇ ಗೋಡೆ ಎಬ್ಬಿಸಿಕೊಂಡಿದ್ದ ಬಡಾವಣೆ, ನೀರು ಬಂದ ಮೇಲೆ ಭರಭರನೆ ತುಂಬಿತು. ಮನೆಗಳಾದವು, ಮಂಜು ನೋಡಲು ಬರುವವರಿಗೆ ಲಾಡ್ಜುಗಳಾದವು, ಲಾಡ್ಜುಗಳ ಮುಂದೆ ಹುಲ್ಲು ಹಾಸಾಯಿತು. ಪ್ರತಿಯೊಂದು ಕಟ್ಟಡಕ್ಕೂ ನೆಲದಡಿ ಒಂದೊಂದು ಸಂಪು. ಎಲ್ಲ ಸಂಪುಗಳೂ ಬಾಯಿ ತೆರೆದುಕೊಂಡು ಬೆಟ್ಟದ ನೀರನ್ನು ನುಂಗುತ್ತಿದ್ದವು.

ಬೇಸಿಗೆ ಕಾಲಿಟ್ಟಾಗ ಮೇಲ್ಕೇರಿಯ ನಲ್ಲಿಗಳು ಮೊದಲು ಸಣ್ಣಗಾದವು. ಆಮೇಲೆ ತಿರುಗಿಸಿದರೆ ಬುಸ್ಸೆಂದು ಗಾಳಿ ಮಾತ್ರ ಬಂತು. ಟ್ಯಾಂಕಿನ ಮುಚ್ಚಳ ತೆಗೆದರೆ ತಳದಲ್ಲಿ ಕೆಸರು. ಒರತೆ ಕೊಟ್ಟಷ್ಟನ್ನೂ ಪೈಪು ಆಗಲೇ ಕೆಳಗೆ ಎಳೆದುಬಿಡುತ್ತಿತ್ತು. ಮೇಲ್ಕೇರಿಗೆ ಇದ್ದದ್ದು ಮೆಟ್ಟಿಲ ದಾರಿ, ಟ್ಯಾಂಕರ್ ಹತ್ತುವಂತಿರಲಿಲ್ಲ. ಹೆಂಗಸರು ಪೇಟೆಯಿಂದ ಕೊಡ ಹೊತ್ತು ಹತ್ತತೊಡಗಿದರು.

ಸರಿಯಾಗಿ ಆ ದಿನಗಳಲ್ಲೇ ಹೇಮಾವತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಗಳ ಬಾಣಂತನ ಎಂದರೆ ಯಾವ ತಾಯಿಗೂ ಅದೊಂದು ದೊಡ್ಡ ಆಸೆ. ನಿಂಗಾಜಮ್ಮ ತನ್ನ ತಾಯಿ ತನಗೆ ನೀರೆರೆದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒಲೆಯ ಮೇಲೆ ಕೂರಿಸಿ, ಸೌದೆ ಒಟ್ಟಿ ಇಟ್ಟಿದ್ದಳು. ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಬಾಣಂತಿ ಮತ್ತು ಮಗು ಮನೆಗೆ ಬಂದರು. ಹಂಡೆ ತುಂಬಲು ನೀರು ಬರಲಿಲ್ಲ.

ನಿಂಗಾಜಮ್ಮ ಹಾಲೇಶಪ್ಪನವರ ಹತ್ತಿರ ಓಡಿದಳು. "ಕೆಳಗಿನ ಲೈನು ದಿನಾ ಸ್ವಲ್ಪ ಹೊತ್ತಾದ್ರೂ ನಿಲ್ಸಿ. ಮನೇಲಿ ಬಾಣಂತಿ ಇದಾಳೆ."

"ಹೇಗಾಗುತ್ತೆ ಹೇಳಿ? ನಿಮ್ಮ ಕೇರೀಲಿ ಇರೋದು ಹಿಡಿಯಷ್ಟು ಮನೆ. ಕೆಳಗೆ ಈಗ ಅರ್ಧ ಊರೇ ಇದೆ, ನಿಲ್ಸಿದ್ರೆ ನನ್ನ ಸುಮ್ನೆ ಬಿಡ್ತಾರಾ?" ಎಂದರು ಹಾಲೇಶಪ್ಪ. ಎದ್ದು ನಿಂತು, "ಮತ್ತೆ, ಚೊಂಬು ಕೊಟ್ಟೋರು ನೀವೇ ಅಲ್ವಾ ನಿಂಗಾಜಮ್ಮನೋರೇ?" ಎಂದರು.

ಅವಳು ಪೇಟೆಯಿಂದ ಒಂದು ಕೊಡ ಹೊತ್ತು ಮೆಟ್ಟಿಲು ಹತ್ತಿದಳು. ಅದು ಅಡುಗೆಗೂ ಕುಡಿಯುವುದಕ್ಕೂ ಮುಗಿಯಿತು. ಮಗುವಿನ ಬಟ್ಟೆಗಳು ಬಚ್ಚಲಲ್ಲಿ ರಾಶಿ ಬಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಮಗುವಿನ ತೊಡೆಸಂದು ಕೆಂಪಗೆ ಹುಣ್ಣಾಯಿತು. ಅದು ಹಗಲೂ ರಾತ್ರಿ ಅಳುತ್ತಿತ್ತು.

"ಅವ್ವಾ, ಮೈಯೆಲ್ಲ ನೋಯ್ತದೆ. ಒಂದೇ ಒಂದು ಚೊಂಬು ಬಿಸಿನೀರು ಬೆನ್ನಿಗೆ ಹುಯ್ತೀಯಾ?" ಎಂದಳು ಹೇಮಾವತಿ.

ನಿಂಗಾಜಮ್ಮ ಕೊಡ ಬಗ್ಗಿಸಿ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು. ಊರಿಗೆಲ್ಲ ನೀರು ಕೊಟ್ಟ ಮನೆಯಲ್ಲಿ ಬಾಣಂತಿಯ ಬೆನ್ನಿಗೆ ಹುಯ್ಯಲು ನೀರಿರಲಿಲ್ಲ.

ಮಾರನೆಯ ದಿನ ರುದ್ರಯ್ಯ ಬಂದರು. "ತಪ್ಪು ತಿಳ್ಕೋಬೇಡಿ ನಿಂಗಾಜಮ್ಮನೋರೇ. ನಮ್ಮನೇಲಿ ಸಂಪು ತುಂಬಿದೆ. ಮಗೂನೂ ಸೊಸೇನೂ ಕರ್ಕೊಂಡು ಹೋಗ್ತೀವಿ" ಎಂದರು. ನಿಂಗಾಜಮ್ಮ ಮಗುವಿನ ಒಗೆಯದ ಬಟ್ಟೆಗಳನ್ನೇ ಗಂಟು ಕಟ್ಟಿ ಕೊಟ್ಟಳು. ಹಸಿ ಬಾಣಂತಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದಳು. ಅತ್ತೆಮನೆಯಲ್ಲಿ ಅವಳಿಗೆ ನೀರೆರೆದವರು ಬೇರೆ ಯಾರೋ. ನಿಂಗಾಜಮ್ಮ ಹಂಡೆಯನ್ನು ಒಲೆಯಿಂದ ಇಳಿಸಿ ಬೋರಲು ಹಾಕಿದಳು.

ಮಳೆ ಬರುವ ಹೊತ್ತಿಗೆ ಮೇಲ್ಕೇರಿಯ ಮುಕ್ಕಾಲು ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಶಬಾನಾಳಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವಳು ಹೇಳಿದ ಟ್ಯಾಂಕಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಮತ್ತೆ ದೀಪಾವಳಿ ಕಳೆಯಿತು. ಆ ವರ್ಷ ತಟ್ಟೆ ಮೇಲ್ಕೇರಿಗೆ ಬರಲೇ ಇಲ್ಲ. ಹೊಸ ಬಡಾವಣೆಯ ಕೆಳಗೆ ಇನ್ನೊಂದು ಗುಡ್ಡ ಕಡಿದಿದ್ದರು. ಪೈಪನ್ನು ರುದ್ರಯ್ಯನವರ ಮನೆ ಮುಂದಿನಿಂದ ಮುಂದುವರಿಸಬೇಕಾಗಿತ್ತು. ಹಾಗಾಗಿ ಹಾಲೇಶಪ್ಪ ತಟ್ಟೆ ಹಿಡಿದು ರುದ್ರಯ್ಯನವರ ಅಂಗಳಕ್ಕೆ ಬಂದರು. ಪದ್ಧತಿ ಬಿಡಬಾರದಲ್ಲ! ನಿಂಗಾಜಮ್ಮ ಅಂದು ಮೊಮ್ಮಗಳನ್ನು ನೋಡಲು ಅಲ್ಲಿಗೆ ಹೋಗಿದ್ದಳು. ಮಗುವನ್ನು ಎತ್ತಿಕೊಂಡೇ ಜಗಲಿಗೆ ಬಂದಳು.

"ಬೀಗರೇ, ಕೊಡಬೇಡಿ ಅನ್ನಲ್ಲ. ಒಂದೇ ಒಂದು ಬೇಸಿಗೆ ಕಾಯಿರಿ. ಈಗ ಎಲ್ಲ ತುಂಬಿರೋ ಹಾಗೇ ಕಾಣುತ್ತೆ."

ರುದ್ರಯ್ಯ ಸಂಪಿನ ಕಡೆ ನೋಡಿದರು. ಅದು ತುಂಬಿ ತುಳುಕುತ್ತಿತ್ತು. "ನೀವು ಸುಮ್ನೆ ಹೆದರ್ತೀರಿ. ನೀರು ನಮ್ಮ ಬಾಗ್ಲಿಂದಾನೇ ಅಲ್ವಾ ಹೋಗೋದು? ಮೊದ್ಲು ನಮಗೆ, ಮಿಕ್ಕಿದ್ದು ಕೆಳಗೆ" ಎಂದು ಚೊಂಬು ತರಲು ಒಳಗೆ ಹೋದರು.

ನಿಂಗಾಜಮ್ಮ ಹೋದ ಸಲದ ತನ್ನ ಮಾತನ್ನೇ ಬೇರೆಯವರ ಬಾಯಲ್ಲಿ ಕೇಳಿದ್ದಳು. ಅವಳು ಮೊಮ್ಮಗಳ ತಲೆ ಸವರಿದಳು. ತಲೆ ಇನ್ನೂ ಒದ್ದೆಯಿತ್ತು, ಆಗಷ್ಟೇ ಎರೆದು ಕರೆತಂದಿದ್ದರು. ಬರುವ ಬೇಸಿಗೆಗೆ ಈ ಮಗುವನ್ನು ಎತ್ತಿಕೊಂಡು ಇವರೆಲ್ಲ ಯಾರ ಮನೆಗೆ ಇಳಿಯುತ್ತಾರೆ ಎಂದು ಯೋಚಿಸುತ್ತ ಅವಳು ಮಗುವನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡಳು.

ನೀತಿ: ಎಷ್ಟು ಕೊಡಬಲ್ಲೆವು ಎಂಬುದನ್ನು ತುಂಬಿದ ದಿನ ನೋಡಿ ತೀರ್ಮಾನಿಸಬಾರದು, ಬತ್ತಿದ ದಿನ ನೋಡಿ ತೀರ್ಮಾನಿಸಬೇಕು. ಸಂಕೋಚಕ್ಕೂ ಹೊಗಳಿಕೆಗೂ ಒಪ್ಪಿ ನಾಳೆಯ ನೀರನ್ನು ಇಂದೇ ಹಂಚಿಬಿಟ್ಟರೆ, ಅದರ ಬಾಯಾರಿಕೆ ಹಂಚಿದವರಿಗಿಂತ ಮೊದಲು ಅವರ ಮಕ್ಕಳಿಗೆ ತಟ್ಟುತ್ತದೆ.